ನನ್ನ ಗಾಡಿಯ ಪೆಟ್ರೋಲ್ ಕುಡಿದವರು

ಆಳಂದದಿಂದ ಸರಸಂಬಾ ಕಡೆ ಹೋಗುವ ದಾರಿಯಲ್ಲಿ ದಿನಾ ಬೆಳಗ್ಗೆ ಬೈಕ್ ಹೊಡೆಯುವ ಹೆಂಗಸು ನಾನೊಬ್ಬಳೇ. ಸ್ಕೂಟಿ ಅಲ್ಲ, ಬೈಕು. ಗೇರಿನದು, ಒದ್ದು ಚಾಲೂ ಮಾಡುವಂಥದು. ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನಾನು ನರ್ಸು. ಗಾಡಿ ನನ್ನ ತವರಿನದು, ಅಪ್ಪನದು. ಅವರು ತೀರಿಕೊಂಡ ಮೇಲೆ ತಮ್ಮಂದಿರಿಗೆ ಹೊಸ ಗಾಡಿ ಬೇಕಾಯಿತು, ನನಗೆ ಹಳೆಯದೇ ಸಾಕಾಯಿತು. ದಾರಿಯಲ್ಲಿ ಯಾರಾದರೂ ಬಾಯಿ ತೆರೆದು ನೋಡಿದರೆ ಹಾರ್ನ್ ಒತ್ತುತ್ತೇನೆ. ನೋಡುವವರಿಗೆ ಏನಾದರೂ ಕೇಳಿಸಲಿ.

ನಮ್ಮ ಮನೆಯಲ್ಲಿ ಮಾತು ದಖ್ಖನಿ ಉರ್ದು, ಜಗಳ ಮಾತ್ರ ಕನ್ನಡ. ಹಾಗಾಗಿ ಈ ವಿಷಯವೆಲ್ಲ ಕನ್ನಡದಲ್ಲೇ ನಡೆಯಿತು.

ಮೊದಲು ಸೋಮವಾರ ಪೆಟ್ರೋಲ್ ಟಾಕಿ ತುಂಬಿಸಿದರೆ ಶನಿವಾರದವರೆಗೆ ಚಿಂತೆಯಿರಲಿಲ್ಲ. ಆ ವರ್ಷ ತೊಗರಿ ರಾಶಿಯ ಹಂಗಾಮು ಮುಗಿಯುವ ಹೊತ್ತಿಗೆ ಗಾಡಿ ಗುರುವಾರಕ್ಕೇ ರಿಸರ್ವಿಗೆ ಬರತೊಡಗಿತು. ಅದೇ ಹಂಗಾಮಿನಲ್ಲಿ ನಾನು ಒಮ್ಮೆ ಬಿದ್ದಿದ್ದೆ ಕೂಡ. ನಮ್ಮ ಕಡೆ ತೊಗರಿ ಕಟ್ಟಿಗೆಯನ್ನು ಡಾಂಬರು ರಸ್ತೆಯ ಮೇಲೇ ಹರಡುತ್ತಾರೆ. ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಬೇಕು. ಕಾಳಿನ ಮೇಲೆ ಚಕ್ರ ಜಾರಿ ಮೊಣಕಾಲು ತರಚಿತು. ಎದ್ದೆ, ಆ ಹೊಲದವನಿಗೆ ಬೈದೆ, ಡ್ಯೂಟಿಗೆ ಹೋದೆ.

ಭಾವ, ಅಂದರೆ ಗಂಡನ ಅಣ್ಣ, ಮನೆಯ ಕಾರುಬಾರು ನೋಡುವವರು. ಅವರು ನನ್ನೊಡನೆ ನೇರವಾಗಿ ಮಾತಾಡುವುದಿಲ್ಲ. ತಮ್ಮನ ಹೆಂಡತಿಯ ಜೊತೆ ಎದುರೆದುರು ಮಾತು ನಮ್ಮಲ್ಲಿ ಅದಬು, ಅಂದರೆ ಮರ್ಯಾದೆ, ಅಲ್ಲ. ಅವರು ತಮ್ಮನಿಗೆ ಹೇಳುತ್ತಾರೆ, ನಾನು ಒಲೆಯ ಮುಂದೆ ಕೂತು ಕೇಳಿಸಿಕೊಳ್ಳಬೇಕು.

"ನಿನ್ನ ಹೆಂಡ್ತಿ ಗಾಡಿ ಎಮ್ಮಿ ನೀರು ಕುಡಿದಂಗ ಎಣ್ಣಿ ಕುಡಿಯಾಕತ್ತದ," ಎಂದರು ಒಂದು ಸಂಜೆ. "ಹೆಣ್ಮಕ್ಕಳಿಗೆ ಬಸ್ ಪುಕ್ಕಟ ಅದ. ಪುಕ್ಕಟ ಬಿಟ್ಟು ಎಣ್ಣಿ ಸುಡೋದು ಯಾವ ಶಾಣ್ಯಾತನ? ಅಫಜಲಪುರದಾಗ ಒಬ್ಬ ಗಿರಾಕಿ ಅದಾನ. ಒಂದು ತಿಂಗಳು ನೋಡ್ತೇನಿ. ಮೈಲೇಜ್ ಸುಧಾರಿಸ್ಲಿಲ್ಲಂದ್ರ ಗಾಡಿ ಕೊಟ್ಟು ಬಿಡೋಣ."

"ನೋಡೋಣ ಭಾಯಿ," ಎಂದ ನನ್ನ ಗಂಡ. ಟೇಲರ್ ಅವನು, ಒಳ್ಳೆಯವನು. 'ನೋಡೋಣ' ಎಂಬ ಒಂದೇ ಮಾತಿನಲ್ಲಿ ಜನ್ಮ ಕಳೆಯಬಲ್ಲ.

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಜೋರಾಯಿತು. ಬಸ್ ಪುಕ್ಕಟೆ, ನಿಜ. ಆದರೆ ಹೆರಿಗೆ ನೋವು ಬಸ್ಸಿನ ಟೈಮು ನೋಡಿಕೊಂಡು ಬರುತ್ತದೆಯೇ? ಬಸ್ಸು ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಹೊಲದ ನಡುವಿನ ಮನೆಗಳಿಗೆ ಲಸಿಕೆ ಡಬ್ಬಿ ಹೊತ್ತು ಯಾರು ಹೋಗಬೇಕು? ಗಾಡಿ ಹೋದರೆ ನೌಕರಿ ಹೋದ ಹಾಗೆಯೇ. ಮೊದಲು ತಡವಾಗುತ್ತದೆ, ಆಮೇಲೆ ಮೇಲಿನವರು ಬೈಯುತ್ತಾರೆ, ಆಮೇಲೆ ಮನೆಯವರು ಪ್ರೀತಿಯಿಂದ "ಬಿಟ್ಟುಬಿಡು, ಯಾಕ ತ್ರಾಸು" ಅನ್ನುತ್ತಾರೆ. ನನ್ನ ಅಕ್ಕ ಹೀಗೇ ಶಾಲೆಯ ಕೆಲಸ ಬಿಟ್ಟು ಮನೆ ಸೇರಿದಳು. ನಾನು ಸೇರುವುದಿಲ್ಲ ಎಂದು ಆ ರಾತ್ರಿಯೇ ಹಟ ಹಿಡಿದೆ.

ಮೈಲೇಜಿನ ವಿಷಯದಲ್ಲಿ ಊರಿನ ಪ್ರತಿಯೊಬ್ಬನೂ ಡಾಕ್ಟರು. ಟಾಕಿಯಲ್ಲಿ ನುಸಿಗುಳಿಗೆ ಹಾಕ್ರಿ ಎಂದ ಒಬ್ಬ. ಪೆಟ್ರೋಲಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ ಎಂದ ಔಷಧಿ ಅಂಗಡಿಯವನು. ನಿನ್ನ ಔಷಧಿಯೂ ಹಿಂಗೇ ಏನಪ್ಪಾ ಎಂದು ಕೇಳಿದೆ. ಮೆಕ್ಯಾನಿಕ್ ಕಾರ್ಬ್ಯುರೇಟರ್ ತಿರುವಿ ಎಣ್ಣೆ ಬರುವುದನ್ನೇ ಕಮ್ಮಿ ಮಾಡಿ, "ಈಗ ನೋಡ್ರಿ ನರ್ಸಬಾಯಿ" ಎಂದ. ನೋಡಿದೆ. ಏರು ಬಂದಲ್ಲೆಲ್ಲ ಗಾಡಿ ಕೆಮ್ಮಿ ನಿಂತಿತು. ಉಪವಾಸ ಕೆಡವಿ ಹೊಟ್ಟೆ ಕರಗಿಸುವ ವೈದ್ಯ ನನಗೆ ಬೇಡವೆಂದು ಅದನ್ನು ಮೊದಲಿನ ಹಾಗೇ ಮಾಡಿಸಿದೆ.

ಆಮೇಲೆ ನನಗೆ ತಿಳಿದಂತೆ ನಾನೇ ಮಾಡಿದೆ. ಏರ್ ಫಿಲ್ಟರ್ ಬಿಚ್ಚಿ ಕೊಡವಿದರೆ ಚಹಾಪುಡಿಯಂಥ ಕರಿ ಧೂಳು. ಮಾಸ್ಕ್ ಕಟ್ಟಿಕೊಂಡು ಓಡಿದವರಿಗೆ ಮಾತ್ರ ಗೊತ್ತು ಅದು ಎಂಥ ಕಷ್ಟವೆಂದು, ಪಾಪ ಗಾಡಿ. ಸ್ವಚ್ಛ ಮಾಡಿದೆ. ಪ್ಲಗ್ ಉಜ್ಜಿದೆ. ಎರೆಮಣ್ಣಿನಲ್ಲಿ ಜಾರಬಾರದೆಂದು ನಮ್ಮ ಕಡೆ ಎಲ್ಲರೂ ಟಯರಿನ ಗಾಳಿ ಕಮ್ಮಿ ಇಡುತ್ತಾರೆ, ಮಳೆ ಹೋದ ಮೇಲೂ ಹಾಗೇ ಓಡಿಸುತ್ತಾರೆ. ನಾನು ಪೂರ್ತಿ ಗಾಳಿ ತುಂಬಿಸಿದೆ. ಚೈನಿಗೆ ಎಣ್ಣೆ ಬಿಟ್ಟೆ. ಸುಮ್ಮನೆ ರೇಸ್ ಮಾಡುವುದು ಬಿಟ್ಟು ಟಾಪ್ ಗೇರಿನಲ್ಲಿ ಒಂದೇ ಹದದಲ್ಲಿ ಹೋದೆ. ಕುರಿಹಿಂಡು ಅಡ್ಡ ಬಂದರೆ ಇಂಜಿನ್ ಬಂದ್ ಮಾಡಿ, ಕುರುಬನಿಗೆ ಎರಡು ಮಾತು ಹೇಳಿ, ಹಿಂಡು ದಾಟಿದ ಮೇಲೆ ಮತ್ತೆ ಒದ್ದೆ. ಇಷ್ಟೆಲ್ಲ ಮಾಡಿದ ಮೇಲೆ ಗುರುವಾರ ಬೆಳಗಿನ ರಿಸರ್ವು ಗುರುವಾರ ಸಂಜೆಗೆ ಬಂತು. ಅಷ್ಟೇ! ಅಳು ಬಂತು, ಅತ್ತರೆ ಪೆಟ್ರೋಲ್ ಉಳಿಯುವುದಿಲ್ಲವೆಂದು ಸುಮ್ಮನಾದೆ.

ತಿಂಗಳು ಮುಗಿಯುತ್ತ ಬಂದಿತ್ತು. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ ಒಂದು ಮೀಟಿಂಗು ಮುಗಿಸಿ ಬರುತ್ತಿದ್ದೆ. ಇಳಿಜಾರು ಸಿಕ್ಕರೆ ಇಂಜಿನ್ ಬಂದ್ ಮಾಡಿ ಗಾಡಿ ಉರುಳಲು ಬಿಡುವುದು ನಮ್ಮ ಕಡೆಯ ಗಂಡಸರ ದೊಡ್ಡ ವಿದ್ಯೆ. ಅದೂ ಒಂದು ಆಗಲಿ ಎಂದು ನ್ಯೂಟ್ರಲ್ ಮಾಡಿ ಚಾವಿ ತಿರುವಿದೆ. ಗಾಡಿ ನಾಲ್ಕು ಮಾರು ಹೋಗಿ, ಇಳಿಜಾರಿನ ನಟ್ಟನಡುವೆ ನಿಂತುಬಿಟ್ಟಿತು.

ನೀರು ಕೂಡ ನಿಲ್ಲದ ಕಡೆ ಗಾಡಿ ನಿಂತಿತೆಂದರೆ? ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಿಂದ ತಿರುಗಿಸಲು ನೋಡಿದೆ. ಅಲುಗಲಿಲ್ಲ. ಬ್ರೇಕಿನ ಡಬ್ಬಿ ಮುಟ್ಟಿದರೆ ರೊಟ್ಟಿ ಹಂಚು! ಬ್ರೇಕ್ ತುಳಿಯದಿದ್ದರೂ ಹಿಡಿದುಕೊಂಡೇ ಇತ್ತು. ಅಂದರೆ ಇಷ್ಟು ದಿನ ಇಂಜಿನ್ ಮುಂದಕ್ಕೆ ಎಳೆಯುತ್ತಿತ್ತು, ಬ್ರೇಕ್ ಹಿಂದಕ್ಕೆ ಜಗ್ಗುತ್ತಿತ್ತು, ನಡುವೆ ಪೆಟ್ರೋಲ್ ಸುಡುತ್ತಿತ್ತು. ಸೀಟಿನ ಕೆಳಗಿನ ಪಾನಾ ತೆಗೆದು ಬ್ರೇಕ್ ಸರಳಿನ ನಟ್ಟು ಸಡಿಲಿಸಿದೆ. ಚಕ್ರ ಗಿರ್ರನೆ ತಿರುಗಿತು. ನಾನು ನಡುರಸ್ತೆಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ.

ಮರುದಿನ ಬೆಳಗ್ಗೆ ಗಾಡಿ ಮತ್ತೆ ಭಾರ. ನೋಡಿದರೆ ನಟ್ಟು ಬಿಗಿ. ಸಡಿಲಿಸಿದೆ. ಅದರ ಮರುದಿನ ಮತ್ತೆ ಬಿಗಿ. ಇದು ಗಾಡಿಯ ರೋಗವಲ್ಲ, ಮನೆಯ ರೋಗ ಎಂದು ಖಾತ್ರಿಯಾಯಿತು. ಮುಂದಿನ ದಿನ ನಸುಕಿನಲ್ಲೇ ಎದ್ದು ಬಾಗಿಲ ಸಂದಿಯಲ್ಲಿ ನಿಂತೆ.

ಬಂದವರು ಮಾವ, ಗಂಡನ ಅಪ್ಪ; ಮನೆಯವರೆಲ್ಲ ಅವರನ್ನು ಅಬ್ಬಾ ಅನ್ನುತ್ತೇವೆ. ನಮಾಜು ಮುಗಿಸಿ ಬಂದು ದಿನಾ ನನ್ನ ಗಾಡಿ ಒರೆಸುವುದು ಅವರ ಕೆಲಸ, ಯಾರೂ ಹೇಳಿದ್ದಲ್ಲ. ವಯಸ್ಸಿನಲ್ಲಿದ್ದಾಗ ಜೇವರ್ಗಿಯಿಂದ ತೊಗರಿ ಲಾರಿ ಹೊಡೆದವರು. ಸೀಟು ಒರೆಸಿದರು, ಟಾಕಿ ಒರೆಸಿದರು, ಆಮೇಲೆ ಮೆಲ್ಲಗೆ ಕೂತು ಪಾನಾ ತೆಗೆದರು.

"ಏನ್ ಮಾಡಾಕತ್ತೀರಿ ಅಬ್ಬಾ?"

ಅವರ ಕೈ ಅಲ್ಲೇ ನಿಂತಿತು. "ಬ್ರೇಕ್ ಗಟ್ಟಿ ಇರ್ಬೇಕು ಬೇಟಿ. ನೀ ತೊಗರಿ ಮ್ಯಾಲ ಬಿದ್ದು ಬಂದಾಗ ಮೊಣಕಾಲಿನ ರಕ್ತ ನಾ ನೋಡೀನಿ. ಅವತ್ತಿಂದ ದಿನಾ ಒಂದೀಟು ಬಿಗಿ ಮಾಡ್ತೇನಿ."

ನನಗೆ ಬಂದ ಸಿಟ್ಟು ಹೇಳತೀರದು. ಅದರ ಹಿಂದೆಯೇ ಪಾಪ ಅನ್ನಿಸಿತು, ಅದಕ್ಕೂ ಸಿಟ್ಟು ಬಂತು. ಪ್ರೀತಿಗೆ ಬೈಯುವುದು ಎಷ್ಟು ಕಷ್ಟ!

ಆದರೂ ಬೈದೆ. "ರಕ್ತ ನಂದು ಅಬ್ಬಾ. ನಾ ಅಳಲಿಲ್ಲ, ನೀವ್ಯಾಕ ಅಂಜಿದ್ರಿ? ತಿಂಗಳಿಂದ ಮನ್ಯಾಗ ನನ್ನ ಗಾಡಿ ಮ್ಯಾಲ ಖಟ್ಲೆ ನಡದದ. ಎಣ್ಣಿ ಗಾಡಿ ಕುಡೀಲಿಲ್ಲ, ನಿಮ್ಮ ಅಂಜಿಕಿ ಕುಡೀತು. ಘಾಟಿನಾಗ ಬ್ರೇಕ್ ತುಳ್ಕೊಂಡೇ ಲಾರಿ ಇಳಸೋ ಡ್ರೈವರಗ ನೀವು ಏನಂತಿದ್ರಿ?"

ಅವರು ಪಾನಾ ನೆಲಕ್ಕಿಟ್ಟರು. "ಹುಚ್ಚ ಅಂತಿದ್ದೆ," ಎಂದರು. "ಬ್ರೇಕ್ ಕಾದು ಕಾದು, ಖರೇ ಟೈಮಿಗೆ ಹಿಡಿಯಂಗಿಲ್ಲ." ತಾವೇ ನಟ್ಟು ಸಡಿಲಿಸಿ, ಚಕ್ರ ತಿರುಗಿಸಿ ನೋಡಿ, ಒಳಗೆ ಹೋದರು. ನಾನು ಈ ಸಂಗತಿ ಯಾರಿಗೂ ಹೇಳಲಿಲ್ಲ.

ಮುಂದಿನ ವಾರ ಸೋಮವಾರದ ಪೆಟ್ರೋಲು ಶನಿವಾರ ದಾಟಿತು. ಗೆದ್ದೆ ಅಂದುಕೊಂಡೆ. ಭಾನುವಾರ ಪೋಲಿಯೋ ಹನಿ ಹಾಕುವ ದಿನ, ಬೆಳಗ್ಗೆಯೇ ಲಸಿಕೆ ಡಬ್ಬಿ ಕಟ್ಟಲು ಅಂಗಳಕ್ಕೆ ಬಂದರೆ ಅಫಜಲಪುರದ ಗಿರಾಕಿ ಕಟ್ಟೆಯ ಮೇಲೆ ಚಹಾಕ್ಕೆ ಕಾಯುತ್ತ ಕೂತಿದ್ದಾನೆ! ಭಾವ ಅವನಿಗೆ ನನ್ನ ಗಾಡಿ ತೋರಿಸುತ್ತಿದ್ದರು.

"ಭಾಯಿ, ಮೈಲೇಜ್ ಬಂದದಲ್ಲ," ಎಂದ ನನ್ನ ಗಂಡ, ಪುಣ್ಯಕ್ಕೆ.

"ಹೌದಲ್ಲ, ಅದಕ್ಕೇ ಈಗ ಛಲೋ ರೇಟ್ ಬರ್ತದ," ಎಂದರು ಭಾವ ತಮ್ಮನಿಗೆ. "ನಿನ್ನ ಹೆಂಡ್ತಿಗೆ ಹೇಳು, ಮೈಲೇಜ್ ಒಂದೇ ಅಲ್ಲ. ಮಂದಿ ಏನೇನೋ ಮಾತಾಡ್ತಾರ."

ಓಹೋ, ಹೀಗೋ! ಫಿಲ್ಟರು, ಪ್ಲಗ್ಗು, ಗಾಳಿ, ನಟ್ಟು ಎಂದು ತಿಂಗಳು ಪೂರ್ತಿ ಕೈ ಮಸಿ ಮಾಡಿಕೊಂಡದ್ದು ಮಾರಾಟದ ಮಾಲಿಗೆ ಹೊಳಪು ಕೊಡಲಿಕ್ಕೇನು? ಗಾಡಿ ಎಷ್ಟು ಕುಡಿದರೂ ಇವರಿಗೆ ಹೆಚ್ಚೇ, ಏಕೆಂದರೆ ಹೊಡೆಯುವವಳು ನಾನು. ಇಷ್ಟು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ದುಪಟ್ಟಾ ಬಿಗಿದು ಅವರೆದುರು ಹೋಗಿ ನಿಂತೆ. ಮದುವೆಯಾಗಿ ಬಂದ ಮೇಲೆ ಮೊದಲ ಸಲ.

"ಭಾಯಿ, ತಮ್ಮನ ಮುಖ ಬ್ಯಾಡ, ನನ್ನ ಮುಖ ನೋಡಿ ಹೇಳ್ರಿ. ಮೈಲೇಜ್ ಅಂದ್ರಿ, ಕೊಟ್ಟೆ. ಈಗ ಮಂದಿ ಅಂತೀರಿ. ಮಂದಿ ಕೂಸಿಗೆ ಹನಿ ಹಾಕಾಕ ನಾ ಹೋಗ್ಬೇಕು, ಮಂದಿ ಬರಂಗಿಲ್ಲ. ಈ ಗಾಡಿ ನಮ್ಮಪ್ಪಂದು. ಎಣ್ಣಿ ಬಕೆಟ್‌ಗಟ್ಟಲೆ ಕುಡಿದ್ರೂ ಕೊಡಂಗಿಲ್ಲ."

ಭಾವ ಕಟ್ಟೆಯ ತುದಿಗೆ ಕೂತಿದ್ದ ತಂದೆಯ ಕಡೆ ತಿರುಗಿದರು. "ಅಬ್ಬಾ, ಕೇಳಿದ್ರಿಲ್ಲ? ನೀವರೆ ಹೇಳ್ರಿ!"

ಮಾವ ಏನು ಹೇಳುತ್ತಾರೆಂದು ನಾನು ಕಾಯಲಿಲ್ಲ. ಹೇಳಿದರೂ ಕೇಳುವವಳಾಗಿರಲಿಲ್ಲ. ಡಬ್ಬಿ ಕಟ್ಟಿ, ಗಾಡಿ ಒದ್ದು, ಅಂಗಳ ದಾಟಿಸಿದೆ. ತಿರುವಿನಲ್ಲಿ ಗೇರು ಬದಲಿಸುವಾಗ ಹಿಂದಿನಿಂದ ಅವರ ಲಾರಿ ಡ್ರೈವರ್ ದನಿ, ಓಣಿಗೆಲ್ಲ ಕೇಳುವಂತೆ, ಗಿರಾಕಿಗೆ ಹೇಳುತ್ತಿತ್ತು:

"ಚಹಾ ಕುಡ್ದು ಹೋಗ್ರಿ ಸಾಹೇಬ್. ಗಾಡಿ ಡ್ಯೂಟಿಗೆ ಹೋಗ್ಯಾದ."