ಗಾಜಿನ ಹತ್ತಿ ಮತ್ತು ತಾತನ ಪಂಚೆ

ಬಾಬುರಾಯನಕೊಪ್ಪಲಿನ ಮೌನೇಶಾಚಾರಿ ಮಾಡಿದ ಬಾಗಿಲು ಮಳೆಗಾಲದಲ್ಲೂ ಬಿಗಿಯುವುದಿಲ್ಲ ಎಂದು ಗಂಜಾಂನಿಂದ ಪಾಂಡವಪುರದವರೆಗೆ ಹೇಳುತ್ತಾರೆ. ಹಾಗೆ ಹೆಚ್ಚಾಗಿ ಹೇಳುವವನು ಮೌನೇಶಾಚಾರಿಯೇ. ಐವತ್ತನಾಲ್ಕು ವರ್ಷದ ಈ ಬಡಗಿಗೆ ಮಾತು ಜಾಸ್ತಿ, ತನ್ನ ಕೈಯ ಮೇಲಿನ ನಂಬಿಕೆ ಇನ್ನೂ ಜಾಸ್ತಿ. ಅದೇನೂ ಸುಳ್ಳು ನಂಬಿಕೆಯಲ್ಲ, ಒಂದು ವಿಷಯ ಬಿಟ್ಟರೆ.

ಮರದ ಬಾಗಿಲು ಮಾಡಿಸುವವರು ಕಡಿಮೆಯಾದ ಮೇಲೆ ಅವನು ಸೀಲಿಂಗ್ ಕೆಲಸ ಕಲಿತ. ಮಹಡಿಯ ಮೇಲೆ ಶೀಟು ಹೊದಿಸಿ ಕೋಣೆ ಮಾಡಿಕೊಂಡವರು ಬೇಸಿಗೆಯಲ್ಲಿ ಬೆಂದುಹೋಗುತ್ತಾರಲ್ಲ, ಅಂಥವರ ಸೂರಿನಡಿ ಗ್ಲಾಸ್ ವೂಲ್ ಹಾಸಿ, ಕೆಳಗೆ ಹಲಗೆ ಮುಚ್ಚಿ ತಂಪು ಮಾಡುವ ಕೆಲಸ. ಗ್ಲಾಸ್ ವೂಲ್ ಅಂದರೆ ಗಾಜನ್ನು ಕರಗಿಸಿ ಕೂದಲಿಗಿಂತ ತೆಳ್ಳಗೆ ಎಳೆದ ನೂಲು. ನೋಡಲು ಹಳದಿ ಹತ್ತಿಯ ಹಾಸಿಗೆಯಂತಿರುತ್ತದೆ, ಸುರುಳಿ ಸುರುಳಿಯಾಗಿ ಬರುತ್ತದೆ. ಸುರುಳಿಯ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಕೈಗವಸು, ಕನ್ನಡಕ, ಮಾಸ್ಕುಗಳ ಚಿತ್ರ ಹಾಕಿರುತ್ತಾರೆ. ಮೌನೇಶಾಚಾರಿ ಆ ಚಿತ್ರದ ಮೇಲೆ ಕೂತು ಟೀ ಕುಡಿಯುತ್ತಿದ್ದ.

"ಮೂವತ್ತು ವರ್ಸ ಮರದ ಹೊಟ್ಟು ಕುಡ್ದಿರೋ ಮೂಗು ಇದು, ಹತ್ತಿಗೆ ಎದರ್ತದಾ?" ಎನ್ನುತ್ತಿದ್ದ ಜೊತೆಗಾರ ಲೋಕೇಶನಿಗೆ.

ಅವನ ರಕ್ಷಣೆಯೆಂದರೆ ಆ ದಿನ ಕೈಗೆ ಸಿಕ್ಕ ಒಂದು ಹಳೇ ಪಂಚೆ. ಅದನ್ನು ತಲೆಗೂ ಕುತ್ತಿಗೆಗೂ ಸುತ್ತಿಕೊಂಡು ಏಣಿ ಹತ್ತಿದರೆ ಸಂಜೆಗೇ ಇಳಿಯುವುದು. ಮನೆಗೆ ಬಂದು ಹಿತ್ತಲಲ್ಲಿ ಪಂಚೆಯನ್ನು ಪಟಪಟನೆ ಒದರಿ ಬಕೆಟ್ಟಿಗೆ ಹಾಕುತ್ತಿದ್ದ. ಮೈಯೆಲ್ಲ ಕಡಿದರೆ ಸುಡು ಸುಡು ನೀರು ಹೊಯ್ದುಕೊಂಡು ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ. ತಿಕ್ಕಿದಷ್ಟೂ ಕಡಿಯುತ್ತಿತ್ತು. ಅದನ್ನು ಬೇಸಿಗೆಯ ಲೆಕ್ಕಕ್ಕೆ ಹಾಕುತ್ತಿದ್ದ.

ಆ ಮಾರ್ಚಿನಲ್ಲಿ ಬಾಣಂತನಕ್ಕೆ ಬಂದಿದ್ದ ಮಗಳು ಕೀರ್ತನಳಿಗೆ ಹೆಣ್ಣು ಮಗುವಾಯಿತು. ಮೌನೇಶಾಚಾರಿ ಹಲಸಿನ ಮರದ ತೊಟ್ಟಿಲನ್ನು ಮೊದಲೇ ಮಾಡಿಟ್ಟಿದ್ದ. ಅವರ ಮನೆಯಲ್ಲಿ ಎಳೆಗೂಸಿಗೆ ಹೊಸ ಬಟ್ಟೆ ಸೋಕಿಸುವುದಿಲ್ಲ. ತಾತ ಉಟ್ಟು ಹಳತಾದ ಪಂಚೆಯನ್ನು ಹರಿದು ಹಾಸಬೇಕು, ಹೊದಿಸಬೇಕು. ಹಳಬರ ಆಯಸ್ಸು ಮಗುವಿಗೆ ಬರಲಿ ಎಂದು. ಹೆಂಡತಿ ಮೂಗಮ್ಮ ಇದ್ದ ಪಂಚೆಗಳಲ್ಲೆಲ್ಲ ಮೆತ್ತಗಿನವೆರಡನ್ನು ಆರಿಸಿ, ಒಗೆದು, ನಾಲ್ಕು ನಾಲ್ಕು ತುಂಡು ಮಾಡಿದಳು. ತನ್ನ ಪಂಚೆಯಲ್ಲಿ ಮೊಮ್ಮಗಳು ಮಲಗಿದ್ದನ್ನು ಕಂಡು ತಾತ ಅಂದು ಊಟವನ್ನೇ ಮರೆತ.

ಮಗು ಮಾತ್ರ ಅಳತೊಡಗಿತು. ಹಾಲು ಕುಡಿಯುವಾಗ ಸುಮ್ಮನಿರುತ್ತಿತ್ತು, ತೊಟ್ಟಿಲಲ್ಲಿ ಹಾಕಿದರೆ ಕಿರುಚುತ್ತಿತ್ತು. ಬೆನ್ನ ಮೇಲೆ, ಕುತ್ತಿಗೆಯ ಮಡಿಕೆಯಲ್ಲಿ ಕೆಂಪು ಚುಕ್ಕೆಗಳೆದ್ದವು. ಮೂಗಮ್ಮ ಮೂರು ಸಲ ದೃಷ್ಟಿ ತೆಗೆದಳು. ದಿನಾ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ ನೀರು ಹಾಕಿದಳು. ಅಳು ಇನ್ನೂ ಜೋರಾಯಿತು.

ಮಗುವನ್ನು ನೋಡಲು ಕೆ.ಆರ್. ಪೇಟೆಯಿಂದ ಕೀರ್ತನಳ ಅತ್ತೆ ಪುಟ್ಟಗೌರಮ್ಮ ಬಂದರು. ಆಕೆಯ ಕಣ್ಣು ಚುರುಕು. ಎರಡು ದಿನ ಸುಮ್ಮನೆ ಕೂತು ನೋಡಿದರು. ಮೂಗಮ್ಮ ಎತ್ತಿಕೊಂಡರೆ ಮಗು ಸಮಾಧಾನ ಆಗುತ್ತದೆ, ತಾವು ಎತ್ತಿಕೊಂಡರೂ ಅಷ್ಟೆ. ಸಂಜೆ ಕೆಲಸದಿಂದ ಬಂದ ತಾತ ಆಸೆಯಿಂದ ಎದೆಗೊತ್ತಿಕೊಂಡ ಕೂಡಲೇ ಚೀರುತ್ತದೆ.

"ತೊಟ್ಲಿಗೆ ಏನ್ ಬಳ್ದಿದ್ದೀರಿ ಬೀಗ್ರೇ?"

"ಬರೀ ಜೇನುಮೇಣ ಕಣಮ್ಮ."

"ಮತ್ಯಾಕೆ ಮಗು ಇಂಗ್ ಅಳ್ತದೆ? ಸೋಮವಾರದೊಳ್ಗೆ ವಾಸಿ ಆಗ್ದಿದ್ರೆ ಕೀರ್ತನನ್ನೂ ಮಗೀನೂ ನಮ್ಮೂರ್ಗೆ ಕರ್ಕೊಂಡೋಯ್ತೀನಿ. ಬೇಜಾರ್ ಮಾಡ್ಕಬ್ಯಾಡಿ."

ಬಾಣಂತನ ಅರ್ಧಕ್ಕೆ ಬಿಟ್ಟು ಮಗಳು ಹೊರಟುಹೋಗುವುದೆಂದರೆ ತವರಿಗೆ ಸಣ್ಣ ಮಾತಲ್ಲ. ಮೌನೇಶಾಚಾರಿಗೆ ಅದಕ್ಕಿಂತ ಚುಚ್ಚಿದ್ದು ಬೇರೆ. ಮಗು ತನ್ನ ಕೈಗೇ ಯಾಕೆ ಅಳುತ್ತದೆ? ತೊಟ್ಟಿಲನ್ನು ಅಂಗೈಯಿಂದ ಮತ್ತೆ ಮತ್ತೆ ಸವರಿದ. ಎಲ್ಲೂ ಮರದ ಸಿಬರಿಲ್ಲ. ಕಣ್ಣಿಗೆ ಕಾಣದ ಸಿಬರು ಹಾಸುಬಟ್ಟೆಗೆ ಅಂಟಿರಬಹುದೆಂದು ಒಂದು ತುಂಡು ಪಂಚೆ ಮಡಚಿಕೊಂಡು ಶ್ರೀರಂಗಪಟ್ಟಣದಲ್ಲಿ ಚಿನ್ನದ ಕೆಲಸ ಮಾಡುವ ಅಣ್ಣ ಲಕ್ಷ್ಮಣಾಚಾರಿಯ ಬಳಿಗೆ ಹೋದ.

ಲಕ್ಷ್ಮಣಾಚಾರಿ ಹರಳು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ದೀಪದ ಕೆಳಗೆ ಬಟ್ಟೆಯನ್ನು ಹಿಡಿದು, ತುಂಬ ಹೊತ್ತು ನೋಡಿದ.

"ಮರ ಅಲ್ಲ ಕಣ್ಲಾ. ಸೂಜಿ ಸೂಜಿಯಂಗೆ ಮಿಂಚ್ತದೆ. ಗಾಜು."

ಮೌನೇಶಾಚಾರಿ ತಾನೂ ನೋಡಿದ. ನೂಲಿನ ಸಂದಿಯಲ್ಲೆಲ್ಲ ಸಣ್ಣ ಸಣ್ಣ ಎಳೆಗಳು ಸಿಕ್ಕಿಕೊಂಡು ಹೊಳೆಯುತ್ತಿದ್ದವು. ತಲೆಗೆ ಸುತ್ತಿಕೊಂಡು ಏಣಿ ಹತ್ತಿದ ಪಂಚೆ. ಅದೇ ಬಕೆಟ್ಟಿನಲ್ಲಿ ಒಗೆದ ಮನೆಮಂದಿಯ ಬಟ್ಟೆ. ಅದೇ ಅಂಗಿಯಲ್ಲಿ ಎದೆಗೊತ್ತಿಕೊಂಡ ಮಗು. ಎಲ್ಲ ಒಟ್ಟಿಗೆ ಹೊಳೆಯಿತು. ಯಾವತ್ತೂ ಮಾತು ನಿಲ್ಲಿಸದವನು ಅಣ್ಣನ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತ.

ಮರುದಿನ ಬೆಳಗ್ಗೆ ಎಲ್ಲರೂ ಡಾಕ್ಟರ ಹತ್ತಿರ ಹೋದರು. ಅವರು ಬಟ್ಟೆಯನ್ನೂ ಮಗುವಿನ ಬೆನ್ನನ್ನೂ ನೋಡಿ, "ಹೆದರಬೇಡಿ. ಇದು ಕಲ್ನಾರಲ್ಲ, ಆಸ್ಬೆಸ್ಟಾಸ್ ಅಲ್ಲ. ಚರ್ಮಕ್ಕೆ ಚುಚ್ಚಿ ಕೆರಳಿಸಿದೆ ಅಷ್ಟೆ," ಎಂದರು. ಎಣ್ಣೆ ತಿಕ್ಕುವುದನ್ನು ನಿಲ್ಲಿಸಬೇಕು, ತಿಕ್ಕಿದರೆ ಎಳೆ ಇನ್ನೂ ಒಳಗಿಳಿಯುತ್ತದೆ. ಉಗುರುಬೆಚ್ಚಗಿನ ನೀರು ಮೆಲ್ಲಗೆ ಸುರಿದರೆ ಸಾಕು. ಆ ಪಂಚೆಗಳು ಮನೆಯಲ್ಲೇ ಇರಬಾರದು. ಆಮೇಲೆ ತಾತನ ಕಡೆ ತಿರುಗಿ, "ನೀವು ಕೆಮ್ಮುತ್ತಾ ಇದ್ದೀರಲ್ಲ, ಎಷ್ಟು ದಿನದಿಂದ?" ಎಂದು ಕೇಳಿದರು. ಅವನು ಅದನ್ನೂ ಬೇಸಿಗೆಯ ಲೆಕ್ಕಕ್ಕೇ ಹಾಕಿದ್ದ.

ಮನೆಗೆ ಬಂದು ಅವನೇ ಪುಟ್ಟಗೌರಮ್ಮನವರ ಮುಂದೆ ನಿಂತ.

"ತೊಟ್ಲು ಸರ್ಯಾಗೈತೆ ಪುಟ್ಟಗೌರಮ್ಮೋರೇ. ತಪ್ಪು ನಂದು. ನಂಗೇನೂ ಆಗಲ್ಲ ಅಂತ ಮೆರೀತಿದ್ದೆ."

ಆಕೆ ಬೈಯುತ್ತಾರೆಂದು ಮೂಗಮ್ಮ ಕಾದಳು. ಆಕೆ ಎದ್ದುಹೋಗಿ ತಮ್ಮ ಚೀಲದಿಂದ ಉಟ್ಟು ಮೆತ್ತಗಾದ ಹತ್ತಿ ಸೀರೆಯೊಂದನ್ನು ತಂದು ಚರ್ರನೆ ಹರಿದರು. "ಸದ್ಯಕ್ಕೆ ಅಜ್ಜಿದಾಗ್ಲಿ. ನಾನಿನ್ನೂ ನಾಕ್ ದಿನ ಇದ್ದೋಯ್ತೀನಿ," ಎಂದರು.

ಮನೆ ಗುಡಿಸಲು ಪೊರಕೆ ಹಿಡಿದ ಮೂಗಮ್ಮನನ್ನು ತಡೆದವನು ಜೊತೆಗೇ ಬಂದಿದ್ದ ಲಕ್ಷ್ಮಣಾಚಾರಿ. "ಪೊರ್ಕೆ ಇಡಮ್ಮ. ಗುಡ್ಸುದ್ರೆ ಗಾಳೀಗೇಳ್ತದೆ. ಚಿನ್ನದ ಪುಡಿ ಬಿದ್ರೆ ನಾವು ಗುಡುಸ್ತೀವಾ? ಒತ್ತಿ ತೆಗೀತೀವಿ." ಒದ್ದೆ ಬಟ್ಟೆಯಿಂದ ನೆಲ, ತೊಟ್ಟಿಲು, ಕಿಟಕಿಕಟ್ಟೆಗಳನ್ನೆಲ್ಲ ಒತ್ತಿ ಒತ್ತಿ ಒರೆಸಿದರು. ಆ ಬಟ್ಟೆಗಳನ್ನೂ ಮನೆಯಲ್ಲಿದ್ದ ಅವನ ಹಳೇ ಪಂಚೆಗಳನ್ನೂ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಆಚೆ ಹಾಕಿದರು. ಮಗುವಿನ ಚುಕ್ಕೆಗಳು ವಾರದಲ್ಲಿ ಬಾಡಿದವು. ಸೋಮವಾರ ಬಂತು, ಹೋಯಿತು. ಯಾರೂ ಊರಿನ ಮಾತೆತ್ತಲಿಲ್ಲ.

ಮುಂದಿನ ಕೆಲಸ ಗಂಜಾಂನ ರಾಮಸ್ವಾಮಿ ಮೇಷ್ಟ್ರ ಮನೆಯದು. ಮೌನೇಶಾಚಾರಿ ತುಂಬುತೋಳಿನ ಅಂಗಿ, ಕೈಗವಸು, ಕಣ್ಣಿಗೆ ಕನ್ನಡಕ, ಮೂಗಿಗೆ ಬಿಗಿಯಾದ ಮಾಸ್ಕು ಹಾಕಿಕೊಂಡು ಏಣಿ ಹತ್ತಿದಾಗ ಲೋಕೇಶ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಣ್ಣ, ಸೀಲಿಂಗ್ ಆಕಕ್ಕೆ ಬಂದ್ಯೋ, ಆಪರೇಸನ್ ಮಾಡಕ್ಕೋ?"

"ನಗು ಮಗನೇ ನಗು. ನಿಂಗೂ ಒಂದ್ ಜೊತೆ ತಂದಿವ್ನಿ, ಆಕ್ಕ. ನಿನ್ ಮನೇಲೂ ಮಕ್ಳವೆ."

ಈಗ ಗ್ಲಾಸ್ ವೂಲನ್ನು ಅವನು ಹರಿಯುವುದಿಲ್ಲ, ಹರಿತವಾದ ಉದ್ದ ಚಾಕುವಿನಿಂದ ಒಂದೇ ಏಟಿಗೆ ಕುಯ್ಯುತ್ತಾನೆ. ಕೆಲಸದ ಬಟ್ಟೆ ಬೇರೆ ಬಕೆಟ್ಟಿನಲ್ಲಿ ನೆನೆಯುತ್ತದೆ, ಅದನ್ನು ಅವನೇ ಒಗೆಯುತ್ತಾನೆ. ಮೈ ಕಡಿದರೆ ತಣ್ಣೀರು, ಸೋಪು. ಹಿತ್ತಲ ನಲ್ಲಿಯಲ್ಲಿ ಸ್ನಾನ ಮಾಡದೆ ಒಳಗೆ ಕಾಲಿಡುವುದಿಲ್ಲ. ಕೆಮ್ಮೂ ನಿಂತಿದೆ. ಅದನ್ನೂ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ, ಅದು ಬೇರೆ ಮಾತು.

ಆದರೆ ಮೊಮ್ಮಗಳಿಗೆ ಕೊಡಲು ಅವನಲ್ಲಿ ಹಳೇ ಪಂಚೆಯೇ ಉಳಿದಿರಲಿಲ್ಲ. ಅದಕ್ಕೇ ಒಂದು ಹೊಸದನ್ನು ತಂದ. ದಿನಾ ಸ್ನಾನವಾದ ಮೇಲೆ ಮನೆಯೊಳಗೆ ಮಾತ್ರ ಅದನ್ನು ಉಡುವುದು, ಬೆಳಗ್ಗೆ ಒಗೆದು ಒಣಗಹಾಕುವುದು, ಸಂಜೆ ಮತ್ತೆ ಉಡುವುದು. ಹೊಸ ಹತ್ತಿಯ ಗಂಜಿ ಬಿಡಲು ತಿಂಗಳು ಹಿಡಿಯಿತು, ಮೆತ್ತಗಾಗಲು ಇನ್ನೂ ಒಂದು. "ಮದ್ವೇಲೂ ಇಷ್ಟ್ ಜ್ವಾಪಾನವಾಗಿ ಪಂಚೆ ಉಟ್ಟಿರ್ಲಿಲ್ಲ ನೀವು," ಎಂದು ಮೂಗಮ್ಮ ರೇಗಿಸಿದಳು.

ಜೂನಿನಲ್ಲಿ ಮಗುವಿಗೆ ಹೆಸರಿಡುವ ದಿನ ಅವನು ಆ ಪಂಚೆಯನ್ನು ಮಡಚಿ ಪುಟ್ಟಗೌರಮ್ಮನವರ ಕೈಗಿಟ್ಟ. ಆಕೆ ಲಕ್ಷ್ಮಣಾಚಾರಿಯಿಂದ ಭೂತಗನ್ನಡಿ ಕೇಳಿ ಇಸಿದುಕೊಂಡು, ಎಲ್ಲರ ಮುಂದೆ ಪಂಚೆಯ ಅಂಚಿನಿಂದ ಅಂಚಿಗೆ ನೋಡಿದರು. ಆಮೇಲೆ ಅದನ್ನು ತಮ್ಮ ಕೆನ್ನೆಗೊತ್ತಿಕೊಂಡರು. ತೊಟ್ಟಿಲಿಗೆ ಹಾಸಿದ್ದ ತಮ್ಮ ಸೀರೆಯ ತುಂಡನ್ನು ತೆಗೆದು, ತಾತನ ಪಂಚೆಯನ್ನು ಹಾಸಿದರು.

"ಬೀಗ್ರೇ, ಮೊದ್ಲು ನೀವೇ ಮಲುಗ್ಸಿ," ಎಂದು ಮಗುವನ್ನು ಅವನ ಕೈಗೆ ಕೊಟ್ಟರು.

ಮೌನೇಶಾಚಾರಿ ಮಗುವನ್ನು ಎದೆಗೊತ್ತಿಕೊಂಡು, ಉಸಿರು ಹಿಡಿದು ನಿಂತ. ಮಗು ಅವನ ಮುಖ ನೋಡಿತು, ಒಂದು ಸಲ ಆಕಳಿಸಿತು, ಅವನ ಭುಜದ ಮೇಲೆ ಕೆನ್ನೆಯಿಟ್ಟು ಹಾಗೇ ನಿದ್ದೆ ಹೋಯಿತು. ಅವನ ಕಣ್ಣು ತುಂಬಿ ಬಂತು.

"ಏನಿಲ್ಲ, ದೂಳು ಬಿತ್ತು," ಎಂದ.

"ನಿಮ್ ಮನೇಲಿ ದೂಳೆಲ್ಲೈತೆ?" ಎಂದು ಪುಟ್ಟಗೌರಮ್ಮ ಸೆರಗಿನ ತುದಿಯಿಂದ ತಾವೂ ಕಣ್ಣೊರೆಸಿಕೊಂಡರು.