ಬೀಗದಕ್ಕನ ಬೆಳಗಿನ ಹದಿನೈದು ನಿಮಿಷ

ಬೆಳಗಿನ ಐದೂ ಮುಕ್ಕಾಲು. ಸುದ್ದಿವಾಹಿನಿಯ ನಿಯಂತ್ರಣ ಕೊಠಡಿಯಲ್ಲಿ ಬೀಗದಕ್ಕ ಮೇಜಿನ ಕೆಳಗೆ ತೂರಿಕೊಂಡಿದ್ದಾರೆ. ನನಗೆ ಕಾಣುತ್ತಿರುವುದು ಎರಡು ಪಾದಗಳು, ಅದರಲ್ಲೊಂದಕ್ಕೆ ಚಪ್ಪಲಿಯಿಲ್ಲ. ಸಂದರ್ಶನಕ್ಕೆಂದು ಬಂದ ನನಗೆ ಸಿಗುವ ಮೊದಲ ಮಾತು ಇದು: "ಆ ಟಾರ್ಚ್ ಸ್ವಲ್ಪ ಹಿಡ್ಕೊಳ್ಳಿ. ಅಯ್ಯೋ, ನನ್ನ ಕಣ್ಣಿಗಲ್ಲ, ಆ ವೈರ್ ಕಡೆಗೆ."

ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಸ್ಟುಡಿಯೊ, ಹೊರಗಿನ ವ್ಯಾನು, ಮೊದಲೇ ಚಿತ್ರೀಕರಿಸಿಟ್ಟ ಕಾರ್ಯಕ್ರಮ ಎಂದು ಎಪ್ಪತ್ತೆರಡು ಕಡೆಯ ಚಿತ್ರಗಳು ರೌಟರ್ ಎಂಬ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತವೆ. ಯಾವುದು ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಹೇಳುವುದು ಕಟ್ಟಡದ ತುಂಬ ಹಂಚಿಹೋಗಿರುವ ಹದಿನಾರು ಪ್ಯಾನೆಲ್‌ಗಳು, ಅಂದರೆ ಸಾಲು ಗುಂಡಿಗಳ ಹಲಗೆಗಳು. ಪ್ರತಿಯೊಂದಕ್ಕೂ ನೆಟ್‌ವರ್ಕಿನಲ್ಲಿ ಒಂದೊಂದು ವಿಳಾಸ. ಆ ವಿಳಾಸ ಕೊಡುವುದು, ಯಾವ ಗುಂಡಿ ಏನು ಮಾಡಬೇಕೆಂದು ಹೊಂದಿಸುವುದು, ಕೆಟ್ಟರೆ ಓಡುವುದು ಬೀಗದಕ್ಕನ ಪಾಲು. ಅವರ ಕುರ್ಚಿಯ ಮೇಲೆ ಅವರು ಕೂತದ್ದನ್ನು ನಾನಿನ್ನೂ ನೋಡಿಲ್ಲ, ಅಲ್ಲಿ ಅವರ ಚೀಲ ಕೂತಿದೆ.

ಈ ಅಡ್ಡಹೆಸರಿಗೂ ಒಂದು ಕಾರಣವಿದೆ. ಮೂರು ವರ್ಷದ ಹಿಂದೆ ಯಾರದೋ ಮೊಣಕೈ ತಗುಲಿ ಒಂದು ಗುಂಡಿ ಒತ್ತಿಹೋಯಿತು, ಪ್ರಸಾರ ಹನ್ನೊಂದು ಸೆಕೆಂಡು ಕಪ್ಪಾಯಿತು. ಮೊಣಕೈ ಯಾರದೆಂದು ಇವತ್ತಿಗೂ ಪತ್ತೆಯಿಲ್ಲ, ಬೈಸಿಕೊಂಡವರು ಮಾತ್ರ ಇವರು. "ಮೇಲಿನವರ ಬೈಗುಳ ಈ ಕಿವೀಲಿ ಕೇಳಿ ಆ ಕಿವೀಲಿ ಬಿಟ್ಟೆ. ಆದ್ರೆ ಮನೆಯಿಂದ ಅಮ್ಮ ಫೋನ್ ಮಾಡಿ, ಟೀವಿ ಕಪ್ಪಾಯ್ತಲ್ಲೇ, ನಿನ್ನ ಕೆಲ್ಸ ಹೋಗುತ್ತಾ ಅಂತ ಅತ್ರು. ಆ ಅಳು ಮಾತ್ರ ಕಿವಿಯಿಂದ ಹೋಗ್ಲಿಲ್ಲ ನೋಡಿ." ಅಮ್ಮನಿಗೆ ಎಪ್ಪತ್ತೆಂಟು. ಆರು ಗಂಟೆಯ ಸುದ್ದಿಗೆ ಟೀವಿಯ ಮುಂದೆ ಕೂರುತ್ತಾರೆ. ಸುದ್ದಿ ಕೇಳುವುದಕ್ಕಲ್ಲ, ಮಗಳು ಕಳಿಸುವ ಚಿತ್ರ ಬಂತೋ ಇಲ್ಲವೋ ನೋಡುವುದಕ್ಕೆ.

ಅಂದಿನಿಂದ ರಾತ್ರಿ ಮನೆಗೆ ಹೊರಡುವ ಮುನ್ನ ಇವರು, ಬೆಳಗಿನವರೆಗೆ ಚಿತ್ರೀಕರಿಸಿಟ್ಟ ಕಾರ್ಯಕ್ರಮವೇ ಹೋಗುವಂತೆ, ತಮ್ಮ ಮೇಜಿನ ಪ್ಯಾನೆಲ್‌ನಿಂದ ಪ್ರಸಾರದ ದಾರಿಗೆ ಬೀಗ ಹಾಕುತ್ತಾರೆ. ಬೇರೆ ಯಾರು ಯಾವ ಗುಂಡಿ ಒತ್ತಿದರೂ ಅದು ಜಗ್ಗುವುದಿಲ್ಲ. ಬೆಳಗ್ಗೆ ಬಂದು ಬೀಗ ತೆಗೆದು ಆರು ಗಂಟೆಯ ಸುದ್ದಿಗೆ ಸ್ಟುಡಿಯೊಗೆ ದಾರಿ ಬಿಡುತ್ತಾರೆ. ಇವತ್ತು ಬಂದು ನೋಡಿದರೆ ಬೀಗ ಹಾಕಿದ ಪ್ಯಾನೆಲ್ಲೇ ಸತ್ತು ಬಿದ್ದಿದೆ.

ಉಗ್ರಾಣದಿಂದ ತಂದ ಹೊಸದನ್ನು ಆಗಲೇ ಜೋಡಿಸಿದ್ದಾರೆ. ಅದರ ಮಾತು ನಡೆಯುತ್ತಿಲ್ಲ. "ಬೀಗ ಹಾಕಿದ್ದು ಹಳೇದು. ಇದು ಹೋಗಿ ಬಾಗ್ಲು ತೆಗಿ ಅಂದ್ರೆ, ನೀನ್ಯಾವನೋ ಅಂತಾನೆ ರೌಟರ್. ಸತ್ತವನ ವಿಳಾಸ ಇದಕ್ಕೆ ಕೊಟ್ರೆ ನಂಬ್ತಾನೆ."

ಪಾಳಿಯ ಮುಖ್ಯಸ್ಥರು ಬಾಗಿಲಲ್ಲಿ ಚಡಪಡಿಸುತ್ತಿದ್ದಾರೆ. "ಅಕ್ಕಾ, ರೌಟರನ್ನೇ ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ?"

"ಮಾಡಿ. ಬೀಗಾನೂ ಹೋಗುತ್ತೆ, ಎಪ್ಪತ್ತೆರಡು ಚಿತ್ರಾನೂ ಹೋಗುತ್ತೆ. ಆಮೇಲೆ ನಾವಿಬ್ರೂ ಮನೆಗೆ ಹೋಗೋಣ."

ಸತ್ತ ಪ್ಯಾನೆಲನ್ನು ಬೋರಲು ಹಾಕುತ್ತಾರೆ. ಕೆಳಗೆ ಅವರದೇ ಕೈಬರಹದ ಚೀಟಿ, ಮೇಲೆ ಚಹಾದ ಕಲೆ. ವಿಳಾಸದ ಕೊನೆಯ ಅಂಕಿ ಮೂರೋ ಎಂಟೋ ತಿಳಿಯುತ್ತಿಲ್ಲ. ತಪ್ಪು ಕೊಟ್ಟರೆ ಅದೇ ವಿಳಾಸದ ಇನ್ನೊಂದು ಪ್ಯಾನೆಲ್ ಜೊತೆ ಜಗಳಕ್ಕೆ ಬಿದ್ದು ಎರಡೂ ಕೈಕೊಡುತ್ತವೆ. ಎಲ್ಲ ವಿಳಾಸ ಬರೆದಿಟ್ಟ ಪುಸ್ತಕ ಮನೆಯ ಫ್ರಿಜ್ಜಿನ ಮೇಲಿದೆ, ನೀಟಾಗಿ ನಕಲು ಮಾಡಲೆಂದು ಒಯ್ದದ್ದು. ಗಂಟೆ ಐದು ಐವತ್ತಮೂರು. ಅಮ್ಮನಿಗೆ ಫೋನ್ ಮಾಡಿ ಓದಿಸಬಹುದಲ್ಲ ಎಂದು ನಾನು ಬಾಯಿ ಹಾಕುತ್ತೇನೆ.

"ಬೇಡ. ಅವ್ರಿಗೆ ಗೊತ್ತಾಗೋದು ಬೇಡ."

ಎರಡು ಸಲ ಕೊಠಡಿಯ ಉದ್ದ ನಡೆದವರು ಗಕ್ಕನೆ ನಿಂತು, "ಮೂರು, ಎಂಟರಲ್ಲಿ ಒಂದು ನಂದು, ಇನ್ನೊಂದು ಸ್ಟುಡಿಯೊದ್ದು" ಎನ್ನುತ್ತಾ ಸ್ಟುಡಿಯೊಗೆ ಫೋನ್ ಹಚ್ಚುತ್ತಾರೆ. ಎತ್ತಿದ್ದು ಕ್ಯಾಮೆರಾದವರು. "ಅಣ್ಣಾ, ನಿಮ್ಮ ಪ್ಯಾನೆಲ್ ಕೆಳಗಿನ ಚೀಟಿ ನೋಡಿ. ಕೊನೇ ಅಂಕಿ?"

"ಮೂರು ಅಂತಿದೆ. ಯಾಕಕ್ಕಾ?"

"ಹಂಗಾದ್ರೆ ನಂದು ಎಂಟು. ಇಡ್ತೀನಿ."

ಹೊಸ ಪ್ಯಾನೆಲ್‌ಗೆ ಎಂಟರ ವಿಳಾಸ ತುಂಬಿ, ಅದನ್ನು ಆರಿಸಿ, ಮತ್ತೆ ಹೊತ್ತಿಸುತ್ತಾರೆ. ದೀಪಗಳು ಒಂದೊಂದಾಗಿ ಬರುತ್ತವೆ, ಬೀಗದ ಕೆಂಪು ದೀಪವೂ ಬರುತ್ತದೆ. ಅದರ ಮೇಲೆ ಬೆರಳು ಒತ್ತಿ ಹಿಡಿಯುತ್ತಾರೆ. ಕೆಂಪು ಆರುತ್ತದೆ. ಪಕ್ಕದ ಗುಂಡಿ ಒತ್ತಿದ ಕೂಡಲೇ ಪ್ರಸಾರದ ಪರದೆಯ ಮೇಲೆ ಸುದ್ದಿ ಓದುವಾಕೆ ಕಾಗದ ಜೋಡಿಸಿಕೊಳ್ಳುತ್ತಿದ್ದಾಳೆ. ಆರು ಗಂಟೆಗೆ ಇನ್ನು ಒಂಬತ್ತು ಸೆಕೆಂಡು. ಮುಖ್ಯಸ್ಥರು ಗಡಿಯಾರ ನೋಡಿಕೊಂಡು ಹೊರಟುಹೋಗುತ್ತಾರೆ. ಒಂದು ಥ್ಯಾಂಕ್ಸೂ ಇಲ್ಲದ್ದಕ್ಕೆ ನನಗೆ ಸಿಟ್ಟು ಬರುತ್ತದೆ, ಬೀಗದಕ್ಕನಿಗೆ ಬರುವುದಿಲ್ಲ.

ಆರು ನಾಲ್ಕಕ್ಕೆ ಅವರ ಫೋನ್ ಬಡಿದುಕೊಳ್ಳುತ್ತದೆ. ಅಮ್ಮ. ಕಿವಿ ಮಂದವಾದವರ ಎತ್ತರದ ದನಿ ನನಗೂ ಕೇಳುತ್ತದೆ. "ಅಲ್ಲ ಕಣೇ, ಆ ಸುದ್ದಿ ಓದೋ ಹುಡುಗಿ ತಲೆ ನೋಡಿದ್ಯಾ? ಬಾಚ್ಕೊಳ್ಳೋಕೆ ಒಂದು ಬಾಚಣಿಗೆ ಇಲ್ವೇನೇ ಅಲ್ಲಿ?"

"ಹೇಳ್ತೀನಮ್ಮ." ಫೋನ್ ಇಟ್ಟು, ಕುರ್ಚಿಯ ಮೇಲಿನ ಚೀಲವನ್ನು ನೆಲಕ್ಕಿಳಿಸಿ, ಇವತ್ತು ಮೊದಲ ಸಲ ಕೂರುತ್ತಾರೆ. "ಕೇಳಿಸ್ಕೊಂಡ್ರಾ? ಕೂದ್ಲು ಒಂದೇ ಕಂಡಿದ್ದು ಅವ್ರಿಗೆ."