ಎರಡು ಬೆರಳಿನ ಮೈದಾನ

ಜ್ಞಾನಪ್ರಕಾಶ್ ಮೇಸ್ತ್ರಿ ಹಾಕಿದ ಕಾವಿ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಅಗ್ರಹಾರದ ಹಳೇ ಮನೆಗಳಲ್ಲಿ ಈಗಲೂ ಹೇಳುತ್ತಾರೆ. ಸುಳ್ಳಲ್ಲ, ಅವನ ಕೈ ಹಾಗಿತ್ತು. ಅವನಿಗೊಂದು ನಾಲಿಗೆಯೂ ಇತ್ತು. ಅದರ ಸುದ್ದಿಯನ್ನು ಆ ಮನೆಗಳವರು ಅಷ್ಟಾಗಿ ಎತ್ತುವುದಿಲ್ಲ.

ಈಗ ಅರವತ್ತೆಂಟು ವರ್ಷ. ನಲವತ್ತು ವರ್ಷ ಮಂಡಿ ಊರಿಯೇ ಅನ್ನ ತಿಂದವನು. ಭಾನುವಾರ ಚರ್ಚಿನಲ್ಲಿ ಎಲ್ಲರೂ ಮಂಡಿಯೂರಿದರೆ ಇವನೊಬ್ಬ ಕಂಬದ ಹಾಗೆ ನಿಂತಿರುತ್ತಿದ್ದ. ಹೆಂಡತಿ ಸೆಲಿನಾ ಅಂಗಿ ಜಗ್ಗಿದರೆ, "ವಾರಕ್ಕೆ ಆರು ದಿನ ಊರಿದೀನಿ ಕಣೇ, ದೇವರೇನು ನೋಡಿಲ್ವಾ?" ಎನ್ನುತ್ತಿದ್ದ.

ಕೆಲಸವೇ ಹಾಗಿತ್ತು. ಸಿಮೆಂಟಿಗೆ ಕೆಂಪು ಕಾವಿ ಬೆರೆಸಿ ಹರಡಿ, ಅದು ಗಟ್ಟಿಯಾಗುವ ಮೊದಲು ಕರಣೆಯಿಂದ ತೀಡಬೇಕು. ಬೇಗ ತೀಡಿದರೆ ಗೀಚುತ್ತದೆ, ತಡವಾದರೆ ಹೊಳಪೇ ಏಳುವುದಿಲ್ಲ. ಆ ಹದ ಗಡಿಯಾರದಲ್ಲಿ ಸಿಕ್ಕುವಂಥದ್ದಲ್ಲ. ಆಮೇಲೆ ಏಳು ದಿನ ನೀರು ಕಟ್ಟಿ ನಿಲ್ಲಿಸಿ, ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಉಜ್ಜಬೇಕು. ಕೊನೆಗೊಂದು ಪರೀಕ್ಷೆ. ಕರಣೆಯ ಹಿಡಿಯಿಂದ ನೆಲದ ಉದ್ದಗಲಕ್ಕೂ ಟಕ್ ಟಕ್ ಎಂದು ಬಡಿದು ಕಿವಿಗೊಡುವುದು. ಎಲ್ಲಾದರೂ ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ಹಿಡಿದಿಲ್ಲ, ಇವತ್ತಲ್ಲ ನಾಳೆ ಬಿರುಕು ಬಿಡುತ್ತದೆ. ಬೇರೆ ಮೇಸ್ತ್ರಿಗಳು ಅಷ್ಟು ಜಾಗ ಕಿತ್ತು ತೇಪೆ ಹಾಕುತ್ತಿದ್ದರು. ಪ್ರಕಾಶ್ ಮೇಸ್ತ್ರಿ ಇಡೀ ಕೋಣೆಯನ್ನೇ ಒಡೆದು ಮೊದಲಿಂದ ಹಾಕುತ್ತಿದ್ದ. ಅವನಿಗೆ ಹೆಸರು ಬಂದದ್ದು ಅದರಿಂದ, ಹಮ್ಮು ಹತ್ತಿದ್ದೂ ಅದರಿಂದಲೇ.

ಮಗ ಡೆನ್ನಿಸ್ ಹದಿನೇಳನೇ ವಯಸ್ಸಿಗೆ ಅಪ್ಪನ ಜೊತೆ ಕೆಲಸಕ್ಕೆ ಇಳಿದ. ಅಗ್ರಹಾರದ ವಿಶ್ವನಾಥ್ ಅವರ ಮನೆಯಲ್ಲಿ ಒಂದು ಮಲಗುವ ಕೋಣೆಯನ್ನು ಅವನೊಬ್ಬನೇ ಹಾಕಿದ. ಅದು ಅವನ ಮೊದಲ ನೆಲ. ಎಲ್ಲರೂ ನೋಡುತ್ತಿರುವಾಗ ಅಪ್ಪ ಬಡಿಯುತ್ತಾ ಹೋದ. ಗೋಡೆಯ ಮೂಲೆಯಲ್ಲಿ, ಒಂದು ಅಂಗೈ ಅಗಲ, ಟೊಳ್ಳು ಸದ್ದು ಬಂತು.

"ಇಷ್ಟೇ ಇಷ್ಟು ಮೂಲೆ ಪ್ರಕಾಶಣ್ಣ, ಅದರ ಮೇಲೆ ಮಂಚ ಬರುತ್ತೆ, ಹೋಗ್ಲಿ ಬುಡಿ," ಎಂದರು ವಿಶ್ವನಾಥ್.

"ಟೊಳ್ಳು ಟೊಳ್ಳೇ ಸ್ವಾಮಿ," ಎಂದು ಮೇಸ್ತ್ರಿ ಸುತ್ತಿಗೆ ಎತ್ತಿದ. ಕೋಣೆ ಪೂರ್ತಿ ಒಡೆದ ಮೇಲೆ ಮಗನ ಕಡೆ ತಿರುಗಿ, "ನಿನ್ನ ತಲೆ ಎಂಗೋ ಅಂಗೇ ನಿನ್ನ ನೆಲ ಕಣ್ಲಾ," ಎಂದ. ಡೆನ್ನಿಸ್ ಅವತ್ತೇ ಕೆಲಸ ಬಿಟ್ಟ. ಈ ಕಥೆಯನ್ನು ಮೇಸ್ತ್ರಿ ಮದುವೆ ಮನೆಗಳಲ್ಲಿ ಎಲೆ ಮುಂದೆ ಕೂತು ನೂರು ಸಲ ಹೇಳಿದ್ದಾನೆ. ಮಗ ಪಕ್ಕದ ಎಲೆಯಲ್ಲೇ ಕೂತು ಊಟ ಮಾಡುತ್ತಿರುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ಗಾದೆ ಈ ಮನೆಯ ಹೊಸ್ತಿಲು ದಾಟಿರಲಿಲ್ಲ.

ಆಮೇಲೆ ಊರಿಗೆಲ್ಲ ಟೈಲ್ಸ್ ಬಂತು, ಕಾವಿ ಕೇಳುವವರು ಹೋದರು. ಅದರ ಹಿಂದೆಯೇ ಮೇಸ್ತ್ರಿಯ ಕಣ್ಣೂ ಹೋಯಿತು. ನರ ಒಣಗಿದೆ, ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ ಎಂದರು ಡಾಕ್ಟರು. ಈಗ ಅವನಿಗೆ ಕಿಟಕಿಯ ಬೆಳಕು ಮಾತ್ರ ಮಸುಕಾಗಿ ತಿಳಿಯುತ್ತದೆ. ಉಳಿದದ್ದು ಕಿವಿ, ಅಂಗೈ, ಮತ್ತೆ ಮೈಸೂರಲ್ಲಿ ತನ್ನಂಥ ಕೈ ಇನ್ನೊಂದಿಲ್ಲ ಎನ್ನುವ ನಂಬಿಕೆ. ಮನೆ ನಡೆಯುತ್ತಿದ್ದದ್ದು ಡೆನ್ನಿಸನಿಂದ. ಅವನು ಹಿನಕಲ್‌ನ ಒಂದು ಟೈಲ್ಸ್ ಅಂಗಡಿಯಲ್ಲಿದ್ದ. ಅಪ್ಪನಿಗೆ ಅದೂ ಒಂದು ಅವಮಾನ.

ಆ ಅಂಗಡಿಯಲ್ಲೇ ಡೆನ್ನಿಸನಿಗೆ ಮೂವತ್ತಾರನೇ ವಯಸ್ಸಿನಲ್ಲಿ ಒಂದು ಹುಚ್ಚು ಹತ್ತಿತು. ಮನೆಗೆ ಟೈಲ್ಸ್ ಆರಿಸಲು ಬಂದವರ ಮಗಳು, ಅಕ್ಷತಾ ಎನ್ನುವ ಕಾಲೇಜು ಹುಡುಗಿ, ಬೇಜಾರಿಗೆ ಕೌಂಟರಿನ ಮೇಲೆ ಏನೋ ಓಡಿಸುತ್ತಿದ್ದಳು. ಬೆರಳುದ್ದದ ಮರದ ಹಲಗೆ, ಅಡಿಯಲ್ಲಿ ನಾಲ್ಕು ಪುಟ್ಟ ಚಕ್ರ. ಅದರ ಮೇಲೆ ಎರಡು ಬೆರಳು ನಿಲ್ಲಿಸಿದರೆ ಆ ಬೆರಳುಗಳೇ ಕಾಲು. ಓಡುತ್ತದೆ, ಹಾರುತ್ತದೆ, ಗಾಳಿಯಲ್ಲಿ ಮಗುಚಿ ಮತ್ತೆ ಬೆರಳಿನಡಿಗೇ ಬಂದು ಸೇರುತ್ತದೆ. ಫಿಂಗರ್ ಬೋರ್ಡ್ ಎಂದಳು. ಭಾನುವಾರ ಅವಳ ಮನೆ ಟೆರೇಸಿನಲ್ಲಿ ಏಳೆಂಟು ಜನ ಸೇರಿ ಆಡುತ್ತಾರಂತೆ. ಅದಕ್ಕೆ ಬೇಕಾದ ಗುಂಡಿ, ಇಳಿಜಾರು, ಮೆಟ್ಟಿಲು ಎಲ್ಲ ರಟ್ಟಿನಲ್ಲೇ ಮಾಡಿಕೊಂಡಿದ್ದಾರಂತೆ. "ಚಕ್ರ ಸರಿಯಾಗಿ ಉರುಳೋದೇ ಇಲ್ಲ ಅಣ್ಣ," ಎಂದಳು. ನುಣ್ಣಗಿನ ಮೈದಾನವೊಂದನ್ನು ತಾನು ಮಾಡಿಕೊಡುತ್ತೇನೆ ಎಂದು ಇವನು ಒಪ್ಪಿಕೊಂಡ.

ಡೆನ್ನಿಸ್ ಆ ಸಂಜೆ ಮನೆಗೆ ಬಂದವನೇ ಅಮ್ಮನನ್ನು ಒಂದು ಹಳೇ ಸ್ಟೀಲ್ ಚಮಚ ಕೇಳಿದ. ಅದನ್ನು ಬಡಿದು ಚಪ್ಪಟೆ ಮಾಡಿ, ಬೆರಳಿನಷ್ಟು ಅಗಲದ ಕರಣೆ ಮಾಡಿಕೊಂಡ. ಅಪ್ಪನ ಕರಣೆಗಳು ಪೆಟ್ಟಿಗೆಯಲ್ಲಿದ್ದವು. ಬೀಗದ ಕೈ ಅಪ್ಪನ ಉಡಿದಾರದಲ್ಲಿತ್ತು.

ಎರಡು ತಿಂಗಳು ಮೇಸ್ತ್ರಿ ಪಡಸಾಲೆಯ ಕುರ್ಚಿಯಲ್ಲಿ ಕೂತು ಅಡುಗೆಮನೆಯ ಕಡೆ ಕಿವಿ ಕೊಟ್ಟ. ಥರ್ಮಾಕೋಲ್ ಕೊಯ್ಯುವ ಕಿರ್ರೆನ್ನುವ ಸದ್ದು. ರೇಲಿಂಗಿಗೆಂದು ಸೈಕಲ್ ಕಡ್ಡಿ ಕತ್ತರಿಸುವ ಸದ್ದು. ಕೇಳಿದಾಗೆಲ್ಲ ಸೆಲಿನಾ, "ಮೂರಡಿ ಹಲಗೆ ಕಣ್ರೀ, ಅದರ ಮೇಲೆ ಬಾಣಲೆ ತರ ಒಂದು ಗುಂಡಿ, ಪಕ್ಕದಲ್ಲಿ ಮೆಟ್ಲು, ಬೆಂಚು, ಎಷ್ಟ್ ಚೆನ್ನಾಗದೆ ಅಂತೀರಾ!" ಎನ್ನುತ್ತಿದ್ದಳು. "ಕತ್ತೆ ವಯಸ್ಸಾಗದೆ, ಇನ್ನೂ ಮಣ್ಣಾಟ," ಎಂದು ಮೇಸ್ತ್ರಿ ಉಗಿಯುತ್ತಿದ್ದ.

ಒಂದು ರಜದ ಮಧ್ಯಾಹ್ನ ಮೂಗಿಗೆ ಕಾವಿಯ ವಾಸನೆ ಬಡಿಯಿತು. ಆಮೇಲೆ ಚಮಚದ ಸದ್ದು. ಮೊದಮೊದಲು ಒದ್ದೆಯಾಗಿತ್ತು, ಬರಬರುತ್ತ ಸಣ್ಣಗಾಯಿತು, ಕೊನೆಗೆ ರೇಷ್ಮೆ ಬಟ್ಟೆ ಎಳೆದ ಹಾಗೆ ಕೇಳತೊಡಗಿತು. ಮೇಸ್ತ್ರಿಯ ಕೈ ಕುರ್ಚಿಯ ಮೇಲೆ ತಾನಾಗಿ ಆಡುತ್ತಿತ್ತು. ಈಗ ನಿಲ್ಲಿಸಬೇಕು ಎಂದು ಅವನಿಗೆ ಅನ್ನಿಸಿದ ಗಳಿಗೆಗೇ ಒಳಗೆ ಸದ್ದು ನಿಂತಿತು. ಯಾರು ಹೇಳಿಕೊಟ್ಟರು ಇವನಿಗೆ? ಬೇರೆ ತಂದೆಯಾಗಿದ್ದರೆ ಎದ್ದು ಒಳಗೆ ಹೋಗುತ್ತಿದ್ದ. ಈ ಮನುಷ್ಯ ಆ ರಾತ್ರಿ ಊಟ ಸೇರಲಿಲ್ಲ ಎಂದು ತಟ್ಟೆ ತಳ್ಳಿದ.

ಏಳು ದಿನ ಗುಂಡಿಯಲ್ಲಿ ನೀರು ನಿಂತಿತು. ಇನ್ನೊಂಬತ್ತು ದಿನ ಎಣ್ಣೆ ಬಟ್ಟೆ ಓಡಿತು. ಭಾನುವಾರ ಪೂಜೆ ಮುಗಿಸಿ ಮೂವರೂ ಚರ್ಚಿನಿಂದ ಬಂದರು. ಹನ್ನೆರಡಕ್ಕೆ ಅಕ್ಷತಾ ಆಟೋ ತರುವವಳಿದ್ದಳು. ಡೆನ್ನಿಸ್ ಅಪ್ಪನ ಕೈ ಹಿಡಿದು ಅಡುಗೆಮನೆ ಮೇಜಿನ ಹತ್ತಿರ ಕೂರಿಸಿದ.

"ಅಪ್ಪ, ತಗೊಂಡ್ ಹೋಗೋಕ್ ಮುಂಚೆ ಒಂದ್ಸಲ ಕೈಯಾಡಿಸಿ. ಒಳಗೆ ಥರ್ಮಾಕೋಲ್ ಇಟ್ಟಿದೀನಿ, ಹೊರೋಕೆ ಭಾರ ಆಗ್ಬಾರ್ದು ಅಂತ. ಮೇಲೆ ಮಾತ್ರ ಕಾವಿ."

ಅವನಿಗೆ ಬೇಕಾದದ್ದು ಒಂದೇ ಮಾತು: ಸರಿಯಾಗಿದೆ. ಆಳುಕಾಳುಗಳಿಗೂ ಮೇಸ್ತ್ರಿ ಆ ಮಾತು ಕೊಟ್ಟಿದ್ದಾನೆ, ಮಗನಿಗೆ ಮಾತ್ರ ಕೊಟ್ಟಿಲ್ಲ. ಹತ್ತೊಂಬತ್ತು ವರ್ಷದಿಂದ ಮಗ ಕಾಯುತ್ತಿರುವುದು ಅದಕ್ಕೇ ಎಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಮೇಸ್ತ್ರಿ ಅಂಗೈ ಇಟ್ಟ. ಅಂಚಿನಿಂದ ಮೆಲ್ಲಗೆ ಗುಂಡಿಗೆ ಇಳಿಸಿದ, ಇನ್ನೊಂದು ಬದಿಯಲ್ಲಿ ಏರಿಸಿದ. ಚಪ್ಪಟೆ ನೆಲಕ್ಕೆ ಹೊಳಪು ಕೊಡುವುದೇ ಕಷ್ಟ. ಇದು ಬಾಗು, ಅದೂ ಬೆರಳಗಲದ ಕರಣೆ ಮಾತ್ರ ಆಡುವಷ್ಟು ಜಾಗ. ಹೆಬ್ಬೆರಳಿನಲ್ಲಿ ಹುಡುಕಿದ, ಉಗುರಿನಲ್ಲಿ ಹುಡುಕಿದ. ಎಲ್ಲೂ ಒಂದು ತಡೆಯಿಲ್ಲ. ಹೀಗೆ ಮಾಡಲು ತನ್ನಿಂದ ಯಾವತ್ತೂ ಆಗಿರಲಿಲ್ಲ ಎಂದು ಅವನ ಕೈಗೆ ತಿಳಿಯಿತು. ಸಂತೋಷ ಪಡಬೇಕಾದ ಜಾಗದಲ್ಲಿ ಹೊಟ್ಟೆ ಉರಿಯಿತು. ಮುಚ್ಚಿಡುವುದೇನು, ಹೆತ್ತ ಮಗನ ಮೇಲೆ ಹೊಟ್ಟೆಕಿಚ್ಚು.

ಅವನು ಊರುಗೋಲಿನ ಹಿಡಿ ತಿರುಗಿಸಿ ಗುಂಡಿಯ ಅಂಚಿಗೆ ಬಡಿದ. ಟೊಳ್ಳು. ಪಕ್ಕಕ್ಕೆ ಬಡಿದ. ಟೊಳ್ಳು.

"ಟೊಳ್ಳು ಕಣ್ಲಾ."

"ಹೇಳಿದ್ನಲ್ಲ ಅಪ್ಪ, ಒಳಗೆ ಥರ್ಮಾಕೋಲು..."

"ಟೊಳ್ಳು ಟೊಳ್ಳೇ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೊದಲ ಏಟಿಗೆ ಗುಂಡಿ ಕುಸಿಯಿತು, ಎರಡನೆಯದಕ್ಕೆ ಮೆಟ್ಟಿಲು. ಮೂರನೆಯದು ಬೇಕಾಗಿರಲಿಲ್ಲ, ಆದರೂ ಹೊಡೆದ. ಸೈಕಲ್ ಕಡ್ಡಿ ಸಿಡಿದು ಪಾತ್ರೆಗಳ ಮೇಲೆ ಬಿತ್ತು.

"ಅಯ್ಯೋ ಯೇಸುವೇ, ಏನ್ ಮಾಡ್ಬುಟ್ರಿ!" ಎಂದು ಸೆಲಿನಾ ಬಾಯಿ ಬಡಿದುಕೊಂಡಳು. "ಅವನು ಒಪ್ಪೊತ್ತು ಉಂಡು ಮಾಡಿದ್ದು ಕಣ್ರೀ!"

ಬೀದಿಯಲ್ಲಿ ಆಟೋ ಬಂದು ನಿಂತಿತು. ಅಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಹೋಗಿ, ಇವತ್ತು ಆಗಲ್ಲ ಕಣಮ್ಮ ಎಂದು ಆ ಹುಡುಗಿಯನ್ನು ಕಳಿಸಿದಳು. ಆಟೋ ಹೋಗುವವರೆಗೂ ಮಗ ಮೇಜು ನೋಡುತ್ತಾ ನಿಂತಿದ್ದ.

"ಟೊಳ್ಳಿನ ಮಾತು ಇರಲಿ ಅಪ್ಪ, ಅದು ಬೇಕಂತಲೇ ಮಾಡಿದ್ದು," ಎಂದ. "ಪಾಲಿಶ್ ಎಂಗಿತ್ತು? ಅಷ್ಟು ಹೇಳಿ ಸಾಕು."

ಇನ್ನೂ ಕಾಲ ಮಿಂಚಿರಲಿಲ್ಲ. ಒಂದು ಮಾತು ಹೇಳಿದ್ದರೆ ಆ ಮಗ ಚೂರುಗಳನ್ನು ಗುಡಿಸಿ, ಮುಂದಿನ ರಜಕ್ಕೆ ಇನ್ನೊಂದು ಮಾಡುತ್ತಿದ್ದ. ಮೇಸ್ತ್ರಿಯ ಗಂಟಲಿಗೆ ಆ ಮಾತು ಬಂದದ್ದೂ ನಿಜ.

"ಗೀರಿತ್ತು," ಎಂದ.

"ಎಲ್ಲಿ?"

"ಗುಂಡಿ ಒಳಗೆ."

ಡೆನ್ನಿಸ್ ಮೇಜಿನ ಮೇಲಿಂದ, ಆಮೇಲೆ ಕುಕ್ಕರಗಾಲಲ್ಲಿ ಕೂತು ನೆಲದಿಂದ, ಗುಂಡಿಯ ಚೂರುಗಳನ್ನೆಲ್ಲ ಆರಿಸಿದ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದ, ಬೆರಳಿನಿಂದ ಸವರಿದ, ಕೆನ್ನೆಗೆ ತಾಗಿಸಿ ನೋಡಿದ. ಗೀರು ಸಿಗಲಿಲ್ಲ. ಅಪ್ಪನ ಕೈ ಸುಳ್ಳು ಹೇಳಬಹುದು ಎಂದು ಅವನ ತಲೆಗೆ ಹೊಳೆಯಲೇ ಇಲ್ಲ. ಅಷ್ಟು ವರ್ಷ ಅಷ್ಟು ಏಟು ತಿಂದು ಅವನು ಕಲಿತಿದ್ದ ಒಂದೇ ಸತ್ಯ, ಅಪ್ಪನ ಕೈ ಸುಳ್ಳಾಡುವುದಿಲ್ಲ ಎನ್ನುವುದು. ಕೊನೆಗೆ ಚೂರುಗಳನ್ನು ಅಪ್ಪನ ಅಂಗೈಯಲ್ಲಿ ಒಂದೊಂದಾಗಿ ಇಡತೊಡಗಿದ.

"ಇದರಲ್ಲಾ ಅಪ್ಪ?"

"ಅಲ್ಲ."

"ಇದರಲ್ಲಾ?"

"ಅಲ್ಲ."

ಇಪ್ಪತ್ತು ಚೂರಿನ ತನಕ ಮೇಸ್ತ್ರಿ ಅಲ್ಲ ಎಂದ. ಸೆಲಿನಾ ಒಲೆಯ ಪಕ್ಕ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿತ್ತು. ಅಂಗೈ ಅಗಲದ ಒಂದು ಚೂರು ಬಂದಾಗ ಮೇಸ್ತ್ರಿ ಅದನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದ. ಗಾಜಿನ ಹಾಗೆ ನುಣ್ಣಗಿತ್ತು.

"ಇದೇ. ನೋಡು, ಇಲ್ಲಿ."

ಅಪ್ಪನ ಹೆಬ್ಬೆರಳು ಇದ್ದ ಜಾಗದಲ್ಲಿ ಡೆನ್ನಿಸ್ ತನ್ನ ಬೆರಳಿಟ್ಟ. ಸವರಿದ. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಸವರಿದ.

"ಹೂಂ ಅಪ್ಪ, ಇದೆ," ಎಂದ. "ನಂಗೆ ಗೊತ್ತೇ ಆಗಿರ್ಲಿಲ್ಲ ನೋಡಿ."